ಪರವಾಗಿ ನಿಲ್ಲುವವರು: ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಹಿರಿಯರ ಮತ್ತು ವಿಕಲಚೇತನರ ನೆರವಿನ ಸ್ವಯಂಸೇವೆ

ವಯಸ್ಸಾಗಿ ಕೈಲಾಗದವರಿಗೆ, ಹಾಸಿಗೆ ಹಿಡಿದವರಿಗೆ, ಬುದ್ಧಿಯ ಬೆಳವಣಿಗೆ ಕುಂಠಿತವಾದವರಿಗೆ, ಮನೋರೋಗದಿಂದ ನರಳಿದವರಿಗೆ ಸಲ್ಲಬೇಕಾದದ್ದು ಏನೇನು ಎಂಬುದು ಕಾಯ್ದೆ ಪುಸ್ತಕಗಳಲ್ಲಿ ಸಾಕಷ್ಟು ವಿವರವಾಗಿಯೇ ಇದೆ. ಅದನ್ನು ಕೇಳಿ ಪಡೆಯುವುದು ಮಾತ್ರ ಅವರಿಗೆ ಬೆಟ್ಟವಾಗುತ್ತದೆ. ಕಚೇರಿಯ ಮೆಟ್ಟಿಲು ಹತ್ತಬೇಕು, ಅರ್ಜಿ ಬರೆಸಬೇಕು, ಅಧಿಕಾರಿ ಕೇಳಿದ್ದಕ್ಕೆ ತಡವರಿಸದೆ ಉತ್ತರ ಹೇಳಬೇಕು, ಕೆಲವೊಮ್ಮೆ ಎದುರಿಗೇ ನಿಂತಿರುವ ಮಗನ ಮೇಲೆ ದೂರು ಹೇಳಬೇಕು. ಅಂಥ ಹೊತ್ತಿನಲ್ಲಿ ಸಂಬಳವನ್ನೂ ಆಸ್ತಿಯ ಪಾಲನ್ನೂ ಬಯಸದೆ ಪಕ್ಕದಲ್ಲಿ ನಿಂತು, ಅವರ ಇಷ್ಟವನ್ನು ತಿಳಿದುಕೊಂಡು, ಅದನ್ನು ಮುಟ್ಟಬೇಕಾದ ಕಡೆಗೆ ಮುಟ್ಟಿಸುವವರು ಬೇಕಾಗುತ್ತಾರೆ. ಅನ್ನ, ಬಟ್ಟೆ, ಔಷಧಿ ಕೊಡುವ ಸೇವೆ ಒಂದು ಬಗೆಯದು. ಪರವಾಗಿ ನಿಂತು ಮಾತಾಡುವ ಸೇವೆ ಇನ್ನೊಂದು ಬಗೆಯದು. ಎರಡನೆಯದಕ್ಕೆ ನಮ್ಮ ದೇಶದ ಕಾಯ್ದೆಗಳು ಹಲವು ಕಡೆ ಜಾಗ ಬಿಟ್ಟಿವೆ. ಆ ಜಾಗಗಳಲ್ಲಿ ಬಹುಪಾಲು ಇಂದಿಗೂ ಖಾಲಿ. ಆಂಧ್ರಪ್ರದೇಶದ ಎರಡು ದೊಡ್ಡ ನಗರಗಳ ಅನುಭವದಿಂದ ಇದನ್ನು ಚೆನ್ನಾಗಿ ತಿಳಿಯಬಹುದು.

ಸ್ವಯಂಸೇವಕ ಎಂಬ ಹೆಸರು ಮನೆಮನೆಗೆ ಪರಿಚಿತವಾದ ರಾಜ್ಯ ಅದು. 2019ರ ಆಗಸ್ಟ್ 15ರಂದು ಆಂಧ್ರ ಸರ್ಕಾರ ವಿಜಯವಾಡದಲ್ಲಿ ಗ್ರಾಮ ಮತ್ತು ವಾರ್ಡ್ ವಾಲಂಟಿಯರ್ ವ್ಯವಸ್ಥೆಗೆ ಚಾಲನೆ ಕೊಟ್ಟಿತು. ಹಳ್ಳಿಯಲ್ಲಿ ಸುಮಾರು 50 ಮನೆಗಳಿಗೆ ಒಬ್ಬರು, ನಗರದಲ್ಲಿ ಅದಕ್ಕಿಂತ ತುಸು ಹೆಚ್ಚು ಮನೆಗಳಿಗೆ ಒಬ್ಬರು ಎಂಬ ಲೆಕ್ಕದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಯುವಕ ಯುವತಿಯರು ನೇಮಕವಾದರು. ತಿಂಗಳಿಗೆ 5,000 ರೂಪಾಯಿ ಗೌರವಧನ. 2020ರ ಫೆಬ್ರುವರಿಯಿಂದ ತಿಂಗಳ ಮೊದಲ ದಿನವೇ ಇವರು ಪಿಂಚಣಿಯ ಹಣ ಹಿಡಿದು ಮನೆಬಾಗಿಲಿಗೆ ಬರತೊಡಗಿದರು. ಮಂಚದಿಂದ ಏಳಲಾಗದವರ ಬೆರಳಚ್ಚನ್ನು ಮಂಚದ ಮೇಲೇ ತೆಗೆದುಕೊಂಡು ಹಣ ಎಣಿಸಿ ಕೊಟ್ಟರು. ಬ್ಯಾಂಕಿನ ಸಾಲಿನಲ್ಲಿ ನಿಂತು ತಲೆಸುತ್ತಿ ಬೀಳುತ್ತಿದ್ದವರಿಗೆ ಅದು ಸಣ್ಣ ಉಪಕಾರವಲ್ಲ.

ಆದರೆ ಆ ವಾಲಂಟಿಯರ್ ಸರ್ಕಾರದ ಕೈ. ಸರ್ಕಾರ ಕೊಟ್ಟದ್ದನ್ನು ತಂದು ಮುಟ್ಟಿಸಬಲ್ಲರು. ಸರ್ಕಾರ ನಿರಾಕರಿಸಿದ್ದನ್ನು ಪ್ರಶ್ನಿಸುವ ಸ್ವಾತಂತ್ರ್ಯ ಅವರಿಗಿರಲಿಲ್ಲ. 2024ರ ಚುನಾವಣೆಯ ಹೊತ್ತಿನಲ್ಲಿ, ಮಾರ್ಚ್ 30ರಂದು, ಚುನಾವಣಾ ಆಯೋಗ ವಾಲಂಟಿಯರುಗಳ ಮೂಲಕ ಹಣ ಹಂಚುವುದನ್ನು ತಡೆಯಿತು. ಆಡಳಿತ ಪಕ್ಷದ ಪರವಾಗಿ ಅವರ ಬಳಕೆಯಾಗಬಹುದು ಎಂಬ ಆಕ್ಷೇಪ ಅದರ ಹಿಂದಿತ್ತು. ಏಪ್ರಿಲ್ ತಿಂಗಳ ಪಿಂಚಣಿಗೆ ಬಹಳಷ್ಟು ಮುದುಕರು ವಾರ್ಡ್ ಸಚಿವಾಲಯ ಎಂಬ ಬಡಾವಣೆಯ ಸರ್ಕಾರಿ ಕಚೇರಿಗಳಿಗೆ ನಡೆದರು. ಮೇ ತಿಂಗಳಲ್ಲಿ ಬಹುಪಾಲು ಜನರ ಹಣ ಬ್ಯಾಂಕ್ ಖಾತೆಗೆ ಹೋಯಿತು. ಕೃಷ್ಣಾ ತೀರದ ಆ ಬಿಸಿಲಲ್ಲಿ, ಎಷ್ಟೋ ದಿನಗಳಿಂದ ಬಳಸದೆ ಬಿಟ್ಟಿದ್ದ ಖಾತೆ ಚಾಲ್ತಿಯಲ್ಲಿದೆಯೋ ಇಲ್ಲವೋ ಎಂದು ಕೇಳಲು ಅವರು ಅಲೆದರು. ಹೊಸ ಸರ್ಕಾರ ಬಂದ ಮೇಲೆ ಜುಲೈ 1ರಿಂದ ಸಚಿವಾಲಯದ ನೌಕರರೇ ಮನೆಗೆ ತಂದುಕೊಡುವ ಏರ್ಪಾಡಾಯಿತು. ವೃದ್ಧಾಪ್ಯ ಪಿಂಚಣಿ 3,000ದಿಂದ 4,000ಕ್ಕೆ, ವಿಕಲಚೇತನರದು 3,000ದಿಂದ 6,000ಕ್ಕೆ, ಪೂರ್ತಿ ಹಾಸಿಗೆ ಹಿಡಿದವರದು 5,000ದಿಂದ 15,000ಕ್ಕೆ ಏರಿತು. ಮೊತ್ತದ ಮಟ್ಟಿಗೆ ಇದು ದೇಶದಲ್ಲೇ ದೊಡ್ಡದು. ಆದರೂ ಆ ಎರಡು ತಿಂಗಳ ಪಾಡು ಒಂದು ಕೊರತೆಯನ್ನು ಬಯಲಿಗಿಟ್ಟಿತು. ಸರ್ಕಾರದ ವ್ಯವಸ್ಥೆಯೇ ನಿಂತುಹೋದಾಗ ಆ ಮನೆಗಳಿಗಾಗಿ ಕೇಳುವ ಬೇರೆ ಜನ ಇರಲಿಲ್ಲ.

ಮರುವರ್ಷ ಈ ಕೊರತೆ ಇನ್ನಷ್ಟು ಸ್ಪಷ್ಟವಾಯಿತು. 2025ರಲ್ಲಿ ಸರ್ಕಾರ ವಿಕಲಚೇತನರ ಪಿಂಚಣಿಗಳನ್ನು ವೈದ್ಯರ ಮೂಲಕ ಮರುಪರಿಶೀಲನೆ ಮಾಡಿಸಿ, ವೈಕಲ್ಯ ಶೇ 40ಕ್ಕಿಂತ ಕಡಿಮೆ ಎಂದು ಕಂಡವರಿಗೆ ನೋಟಿಸ್ ಕೊಟ್ಟಿತು. ಗಲಾಟೆಯಾದ ಮೇಲೆ ಮೇಲ್ಮನವಿಗೆ ಅವಕಾಶ ಒದಗಿಸಿತು. ಸುಳ್ಳು ಪ್ರಮಾಣಪತ್ರ ತಡೆಯಬೇಕಾದದ್ದೇ. ಆದರೆ ಮೇಲ್ಮನವಿ ಎಂಬ ಮಾತೇ ಕಿವಿ ಕೇಳದವರಿಗೂ ಮಾತು ಹೊರಡದವರಿಗೂ ಬೌದ್ಧಿಕ ವೈಕಲ್ಯ ಇರುವವರಿಗೂ ತಾನಾಗಿ ತಲುಪುವುದಿಲ್ಲ. ಆಂಧ್ರದಲ್ಲಿ ಜನ ಸದರಂ ಎಂದು ಕರೆಯುವ ವೈಕಲ್ಯ ಪ್ರಮಾಣಪತ್ರಕ್ಕೆ ಮೊದಲು ಸ್ಲಾಟ್ ಬುಕ್ ಮಾಡಬೇಕು, ಆಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯಲ್ಲಿ ಸರಿಯಾದ ಕೊಠಡಿ ಹುಡುಕುವುದೇ ಅರ್ಧ ದಿನದ ಕೆಲಸ. ಜೊತೆಗೆ ಹೋಗುವ ಸ್ವಯಂಸೇವಕರು ಹಳೆಯ ಚಿಕಿತ್ಸೆಯ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸುತ್ತಾರೆ, ಸ್ನಾನ, ಊಟ, ಓಡಾಟದಲ್ಲಿ ದಿನವೂ ಆಗುವ ತೊಂದರೆಯನ್ನು ವೈದ್ಯರ ಗಮನಕ್ಕೆ ತರುತ್ತಾರೆ, ಹಣ ನಿಂತರೆ ಕಾರಣವನ್ನು ಬರಹದಲ್ಲಿ ಕೇಳುತ್ತಾರೆ. ಬರಹದಲ್ಲಿ ಕಾರಣ ಸಿಕ್ಕದೆ ಮೇಲ್ಮನವಿ ಬರೆಯುವುದು ಕಷ್ಟ. ಹೀಗಾಗಿ ಅನುಭವಿಗಳು ಮೊದಲು ಹಿಡಿಯುವುದು ಈ ಕಾಗದವನ್ನೇ.

ಹಿರಿಯರ ವಿಷಯದಲ್ಲಿ ಮುಖ್ಯವಾದ ಕಾಯ್ದೆ 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಆಂಧ್ರ ಇದರ ನಿಯಮಗಳನ್ನು 2011ರಲ್ಲಿ ಮಾಡಿತು. ಅಲ್ಲಿ ನ್ಯಾಯಮಂಡಳಿಯ ಅಧ್ಯಕ್ಷತೆ ಆರ್‌ಡಿಒ ಅವರದು, ಅಂದರೆ ಕಂದಾಯ ವಿಭಾಗದ ಅಧಿಕಾರಿಯದು. ಕರ್ನಾಟಕದಲ್ಲಿ ಎ.ಸಿ. ಮಾಡುವ ಕೆಲಸ ಇದು. ವಿಶಾಖಪಟ್ಟಣ ಜಿಲ್ಲೆಯಲ್ಲಿ ವಿಶಾಖಪಟ್ಟಣ ಮತ್ತು ಭೀಮುನಿಪಟ್ಟಣ ವಿಭಾಗಗಳಿವೆ. ವಿಜಯವಾಡ 2022ರ ಏಪ್ರಿಲ್‌ನಿಂದ ಎನ್‌ಟಿಆರ್ ಜಿಲ್ಲೆಯ ಕೇಂದ್ರ. ಅರ್ಜಿಯನ್ನು ಹಿರಿಯರೇ ಕೊಡಬಹುದು. ಅವರಿಗೆ ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಯಾವುದೇ ವ್ಯಕ್ತಿ ಅಥವಾ ನೋಂದಾಯಿತ ಸಂಘ ಕೊಡಬಹುದು. ನ್ಯಾಯಮಂಡಳಿ ತಾನಾಗಿಯೂ ಪ್ರಕರಣ ಎತ್ತಿಕೊಳ್ಳಬಹುದು. ಇದು ಸ್ವಯಂಸೇವಕರಿಗೆ ಕಾಯ್ದೆ ಬಿಟ್ಟ ಮೊದಲ ಜಾಗ. ಮಕ್ಕಳ ಜೊತೆ ರಾಜಿ ಮಾತುಕತೆ ನಡೆಸುವ ಸಂಧಾನ ಅಧಿಕಾರಿಯಾಗಿ ಇಂಥ ಸಂಘದ ಪ್ರತಿನಿಧಿಯನ್ನೇ ನೇಮಿಸಬಹುದು, ಅವರು ಒಂದು ತಿಂಗಳಲ್ಲಿ ವರದಿ ಕೊಡಬೇಕು. ಇದು ಎರಡನೆಯದು. ವಕೀಲರು ವಾದಿಸುವಂತಿಲ್ಲ ಎಂದು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಆದರೂ ಕೆಲವು ಹೈಕೋರ್ಟ್‌ಗಳು ವಕೀಲರಿಗೂ ಅವಕಾಶ ಕೊಟ್ಟಿವೆ. ಖರ್ಚಿಲ್ಲದೆ ಬೇಗ ಮುಗಿಯಲಿ ಎಂಬುದು ಆ ಕಲಮಿನ ಉದ್ದೇಶ. ನೋಟಿಸ್ ಜಾರಿಯಾದ 90 ದಿನಗಳಲ್ಲಿ, ವಿಶೇಷ ಕಾರಣವಿದ್ದರೆ ಇನ್ನೂ 30 ದಿನ ಸೇರಿಸಿ, ತೀರ್ಮಾನ ಆಗಬೇಕು. ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಇದನ್ನು ತೆಗೆದುಹಾಕಲು 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ ಕಾಯ್ದೆಯಾಗಲಿಲ್ಲ. ಇಂದಿನ ಔಷಧಿ ಖರ್ಚು ನೋಡಿದರೆ ಈ ಮಿತಿಗೆ ಯಾವ ಸಮರ್ಥನೆಯೂ ಇಲ್ಲ.

ಈ ಎರಡು ನಗರಗಳಲ್ಲಿ ಜೀವನಾಂಶಕ್ಕಿಂತ ಕಠಿಣವಾದ ಜಗಳ ಮನೆಯದು, ಜಾಗದ್ದು. ವಿಶಾಖಪಟ್ಟಣ ಬಂದರು, ಹಡಗುಕಟ್ಟೆ, ಉಕ್ಕಿನ ಕಾರ್ಖಾನೆಗಳಿಂದ ಬೆಳೆದ ಊರು. ಅಲ್ಲಿ ದುಡಿದು ನಿವೃತ್ತರಾದವರು ಒಂದು ಕಾಲಕ್ಕೆ ಅಗ್ಗಕ್ಕೆ ಕೊಂಡ ನಿವೇಶನ ಇಂದು ಚಿನ್ನದ ಬೆಲೆಯದು. ವಿಜಯವಾಡದ ಸುತ್ತ ಅಮರಾವತಿ ರಾಜಧಾನಿಯ ಘೋಷಣೆಯಾದ ಮೇಲೆ ನೆಲದ ಬೆಲೆ ಏರಿತು. ಮಕ್ಕಳ ಮಾತು ನಂಬಿ ತಾಯಿ ದಾನಪತ್ರ ಬರೆದುಕೊಡುತ್ತಾಳೆ, ನೋಂದಣಿಯಾದ ಆರೇಳು ತಿಂಗಳಲ್ಲಿ ಅವಳ ಮಂಚ ವರಾಂಡಕ್ಕೆ ಬರುತ್ತದೆ. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ರದ್ದು ಮಾಡಿಸಲು 23ನೇ ಕಲಂ ಅವಕಾಶ ಕೊಡುತ್ತದೆ. ಹಿರಿಯರಿಗೆ ಶಕ್ತಿಯಿಲ್ಲದಿದ್ದರೆ ನೋಂದಾಯಿತ ಸಂಘ ಅವರ ಪರವಾಗಿ ಈ ಕ್ರಮ ಕೈಗೊಳ್ಳಬಹುದು. ಷರತ್ತು ಇದ್ದದ್ದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. ಕಾಯ್ದೆಯನ್ನು ಅದರ ಉದ್ದೇಶ ಈಡೇರುವಂತೆ ಉದಾರವಾಗಿ ಓದಬೇಕು, ಸ್ವಾಧೀನ ಮರಳಿ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗಿದೆ ಎಂದು 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಹೇಳಿತು. ಇವೆರಡನ್ನೂ ಓದಿದ ಸ್ವಯಂಸೇವಕರು ಹಿರಿಯರಿಗೆ ಮೊದಲು ಹೇಳಬೇಕಾದ ಮಾತು ಒಂದೇ: ಪತ್ರಕ್ಕೆ ಸಹಿ ಹಾಕುವ ಮುನ್ನ ಆರೈಕೆಯ ಷರತ್ತು ಅದೇ ಪತ್ರದಲ್ಲಿ ಬರೆದಿದೆಯೇ ನೋಡಿಕೊಳ್ಳಿ. ಕಳೆದುಕೊಂಡ ಮೇಲೆ ಹೋರಾಡುವುದಕ್ಕಿಂತ ಈ ಐದು ನಿಮಿಷದ ಮಾತು ಹೆಚ್ಚು ಜನರ ಮನೆ ಉಳಿಸುತ್ತದೆ.

ಇದೇ ಕಾಯ್ದೆಯನ್ನು ತಪ್ಪು ದಾರಿಗೆ ಎಳೆಯುವುದೂ ಉಂಟು. ಬೆಂಗಳೂರಿನ ಎಸ್. ವನಿತಾ ಪ್ರಕರಣ ಕನ್ನಡಿಗರಿಗೆ ಹತ್ತಿರದ ಉದಾಹರಣೆ. ಗಂಡನಿಂದ ದೂರವಾಗಿದ್ದ ಸೊಸೆಯನ್ನು ಮನೆಯಿಂದ ಹೊರಗೆ ಕಳಿಸಲು ಅತ್ತೆ ಮಾವ ಹಿರಿಯ ನಾಗರಿಕರ ಕಾಯ್ದೆಯ ಮೊರೆ ಹೋಗಿದ್ದರು. ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಸೊಸೆಗೆ ಕೊಟ್ಟ ವಾಸದ ಹಕ್ಕನ್ನು ಹೀಗೆ ಸಂಕ್ಷಿಪ್ತ ವಿಚಾರಣೆಯಲ್ಲಿ ಅಳಿಸಿಹಾಕುವಂತಿಲ್ಲ ಎಂದು 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮುದುಕರ ಪರ ನಿಲ್ಲುವವರು ಆ ಮನೆಯ ಇನ್ನೊಬ್ಬ ದುರ್ಬಲರನ್ನು ತುಳಿಯಲು ಸಾಧನವಾಗಬಾರದು. ಅರ್ಜಿ ಬರೆಯುವ ಮೊದಲು ಆ ಮನೆಯಲ್ಲಿ ಯಾರು ಯಾರು ಇದ್ದಾರೆ, ಯಾರ ಬೆನ್ನ ಹಿಂದೆ ಯಾರಿದ್ದಾರೆ ಎಂದು ವಿಚಾರಿಸುವುದು ಈ ಕೆಲಸದ ಭಾಗವೇ ಆಗಿದೆ.

ಕೇಂದ್ರ ಸರ್ಕಾರದ ಮಾದರಿ ನಿಯಮಗಳಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ಮಾತಿದೆ. ಪ್ರತಿ ಪೊಲೀಸ್ ಠಾಣೆಯೂ ತನ್ನ ವ್ಯಾಪ್ತಿಯ ಹಿರಿಯರ, ಅದರಲ್ಲೂ ಒಂಟಿಯಾಗಿರುವವರ ಪಟ್ಟಿ ಇಟ್ಟುಕೊಳ್ಳಬೇಕು. ತಿಂಗಳಿಗೆ ಒಮ್ಮೆಯಾದರೂ ಪೊಲೀಸರು, ಆದಷ್ಟೂ ಸಮಾಜಸೇವಕ ಅಥವಾ ಸ್ವಯಂಸೇವಕರೊಬ್ಬರ ಜೊತೆ, ಅವರ ಮನೆಗೆ ಹೋಗಿ ಬರಬೇಕು. ಠಾಣೆಗೊಂದು ಸ್ವಯಂಸೇವಕರ ಸಮಿತಿಯೂ ಇರಬೇಕು. ಮಕ್ಕಳು ಅಮೆರಿಕದಲ್ಲೋ ಹೈದರಾಬಾದಿನಲ್ಲೋ ಇದ್ದು, ಮೂರು ಮಲಗುವ ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬರೇ ಉಳಿದ ಹಿರಿಯರು ಈ ಎರಡೂ ನಗರಗಳಲ್ಲಿ ಕಡಿಮೆಯಿಲ್ಲ. ಸಮಿತಿ ಬರಿಯ ಕಾಗದದ ಮೇಲೆ ಉಳಿಯದೆ ನಡೆದರೆ ಅವರಿಗೆ ಅದು ದೊಡ್ಡ ಆಸರೆ.

ವಿಕಲಚೇತನರ ವಿಷಯಕ್ಕೆ ಬಂದರೆ ತಾತ್ವಿಕವಾದ ಬದಲಾವಣೆಯೇ ಆಗಿದೆ. ಭಾರತ 2007ರ ಅಕ್ಟೋಬರ್ 1ರಂದು ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆ, ವೈಕಲ್ಯ ಎಷ್ಟೇ ಇರಲಿ, ಪ್ರತಿಯೊಬ್ಬರೂ ಕಾನೂನಿನ ಮುಂದೆ ಪೂರ್ಣ ವ್ಯಕ್ತಿಗಳೇ ಎನ್ನುತ್ತದೆ. ಅದಕ್ಕೆ ತಕ್ಕಂತೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ವ್ಯಕ್ತಿಯ ಬದಲಿಗೆ ತಾವೇ ನಿರ್ಧಾರ ಮಾಡುವ ಪಾಲಕರಿಗಿಂತ, ಜೊತೆಗೆ ಕೂತು ನಿರ್ಧಾರಕ್ಕೆ ನೆರವಾಗುವ ಸೀಮಿತ ಪಾಲಕತ್ವಕ್ಕೆ ಅದು ಒತ್ತು ಕೊಟ್ಟಿದೆ. ವಿಕಲಚೇತನರ ಮೇಲೆ ಹಿಂಸೆ, ಶೋಷಣೆ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ಯಾವುದೇ ವ್ಯಕ್ತಿ ಅಥವಾ ನೋಂದಾಯಿತ ಸಂಸ್ಥೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ಪಕ್ಕದ ಮನೆಯವರು ಹೆದರಿ ಸುಮ್ಮನಿರುವುದೇ ಹೆಚ್ಚು. ಹೀಗಿರುವಾಗ ಈ ಅವಕಾಶವನ್ನು ಬೀದಿಬೀದಿಗೆ ತಿಳಿಸಬೇಕಾಗಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವ ವಯಸ್ಕರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ಆ ಸಮಿತಿಯಲ್ಲಿ ನೋಂದಾಯಿತ ಸಂಸ್ಥೆಯ ಒಬ್ಬರಿಗೂ ವಿಕಲಚೇತನರೊಬ್ಬರಿಗೂ ಸ್ಥಾನವಿದೆ. ಪಾಲಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕು. ಅಪ್ಪ ಅಮ್ಮ ತೀರಿದ ಮೇಲೆ ನಲವತ್ತು ದಾಟಿದ ಮಗ ಅಣ್ಣನ ಮನೆಯಲ್ಲಿ ಉಳಿದಿದ್ದಾನೆ, ಕುಟುಂಬ ಪಿಂಚಣಿ ಅವನ ಹೆಸರಿಗೆ ಬರುತ್ತಿದೆ, ಅವನ ಮೈಮೇಲೆ ಹರಿದ ಅಂಗಿ ಎಂಬಂಥ ಸ್ಥಿತಿಯಲ್ಲಿ ಲೆಕ್ಕ ಎಲ್ಲಿ ಎಂದು ಕೇಳುವ ಹೊರಗಿನವರೊಬ್ಬರು ಬೇಕೇ ಬೇಕು.

ವಿಶಾಖಪಟ್ಟಣದಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆ ಇರುವುದರಿಂದ ಅಲ್ಲಿ ಇನ್ನೊಂದು ಜವಾಬ್ದಾರಿಯೂ ಸೇರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಗೆ ತನ್ನ ಪ್ರತಿನಿಧಿಯನ್ನು ತಾನೇ ಹೆಸರಿಸುವ ಹಕ್ಕಿದೆ. ಯಾರೂ ಇಲ್ಲದಿದ್ದಾಗ, ಆ ಕಾಯ್ದೆಯಡಿಯ ಮಂಡಳಿ ಒಬ್ಬರನ್ನು ನೇಮಿಸುವ ತನಕ, ಮನೋರೋಗಿಗಳಿಗಾಗಿ ದುಡಿಯುವ ನೋಂದಾಯಿತ ಸಂಸ್ಥೆಯ ಪ್ರತಿನಿಧಿ ತಾತ್ಕಾಲಿಕವಾಗಿ ಆ ಕೆಲಸ ಮಾಡಬಹುದು. ಗುಣವಾದರೂ ಮನೆಯವರು ಕರೆದೊಯ್ಯದ ಕಾರಣಕ್ಕೆ ವರ್ಷಗಟ್ಟಲೆ ವಾರ್ಡಿನಲ್ಲೇ ಉಳಿಯುವವರು ದೇಶದ ಬಹುತೇಕ ಇಂಥ ಆಸ್ಪತ್ರೆಗಳಲ್ಲಿ ಇದ್ದಾರೆ. ಅವರ ಊರು ಪತ್ತೆ ಮಾಡುವುದು, ಆಧಾರ್ ಮಾಡಿಸುವುದು, ಮನೆಯವರ ಮನ ಒಲಿಸುವುದು ತಾಳ್ಮೆ ಬೇಡುವ ಕೆಲಸ.

ಪ್ರಕೃತಿ ವಿಕೋಪ ಬಂದಾಗ ಈ ಎಲ್ಲ ಕೊರತೆಗಳೂ ಒಂದೇ ದಿನ ಎದುರಾಗುತ್ತವೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. 2024ರ ಸೆಪ್ಟೆಂಬರ್ ಮೊದಲ ದಿನ ಬುಡಮೇರು ತೊರೆ ಒಡೆದು ವಿಜಯವಾಡದ ಅಜಿತ್ ಸಿಂಗ್ ನಗರವೂ ಸುತ್ತಲ ಬಡಾವಣೆಗಳೂ ದಿನಗಟ್ಟಲೆ ನೀರಲ್ಲಿ ನಿಂತವು. ಕಾಲು ಬಾರದವರು ಮೇಲ್ಮಹಡಿಗೆ ಹೋಗುವುದು ಹೇಗೆ, ಡಯಾಲಿಸಿಸ್ ಆಗಬೇಕಾದವರು ದೋಣಿ ಹತ್ತುವುದು ಹೇಗೆ? ವಿಕಲಚೇತನರ ವಿವರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಮೊದಲೇ ಬರೆದಿಟ್ಟುಕೊಂಡು ಅಪಾಯದ ಸೂಚನೆ ಮುಟ್ಟಿಸಬೇಕು ಎಂದು 2016ರ ಕಾಯ್ದೆಯ 8ನೇ ಕಲಂ ವಿಧಿಸುತ್ತದೆ. ನೀರು ಇಳಿದ ಮೇಲೆ ಪರಿಹಾರದ ಎಣಿಕೆ ಶುರುವಾಯಿತು. ಮುಳುಗಿದ ನೆಲಮಹಡಿಯ ಮನೆಗೆ 25,000 ರೂಪಾಯಿ, ಮೇಲಿನ ಮಹಡಿಗಳಿಗೆ 10,000 ರೂಪಾಯಿ ಎಂದು ಸರ್ಕಾರ ಘೋಷಿಸಿತ್ತು. ಇಂಥ ಎಣಿಕೆಯವರು ಬಂದಾಗ ಸಂಬಂಧಿಕರ ಮನೆಗೆ ಹೋಗಿದ್ದವರು, ಬಾಗಿಲು ತೆಗೆಯಲಾಗದವರು ಪಟ್ಟಿಯಿಂದ ಬಿಟ್ಟುಹೋಗುವುದು ಸುಲಭ. ಬೀದಿಯ ಪ್ರತಿ ಮನೆಯನ್ನೂ ಬಲ್ಲ ಸ್ವಯಂಸೇವಕರು ವಿಕೋಪಕ್ಕೆ ಮುಂಚೆಯೇ ಹೆಸರುಗಳನ್ನು ಕೊಟ್ಟಿದ್ದರೆ ಎರಡು ಸಲ ಉಪಯೋಗ: ಒಮ್ಮೆ ಜೀವ ಉಳಿಸಲು, ಇನ್ನೊಮ್ಮೆ ಪರಿಹಾರ ಕೊಡಿಸಲು.

ಈ ಕೆಲಸ ಮಾಡುವವರು ಯಾರು? ಸೇವೆಯ ಪರಂಪರೆ ಎರಡೂ ಊರುಗಳಲ್ಲಿ ಹಳೆಯದು. ವಿಶಾಖಪಟ್ಟಣದ ಪ್ರೇಮ ಸಮಾಜಂ ಸ್ವಾತಂತ್ರ್ಯಕ್ಕೆ ಮೊದಲೇ ಹುಟ್ಟಿ ಅನಾಥರಿಗೂ ವೃದ್ಧರಿಗೂ ಆಶ್ರಯವಾಯಿತು. ವಿಜಯವಾಡದಲ್ಲಿ ನಾಸ್ತಿಕ ಚಿಂತಕ ಗೋರಾ ಅವರ ಕುಟುಂಬದವರು 1969ರಲ್ಲಿ ಕಟ್ಟಿದ ವಾಸವ್ಯ ಮಹಿಳಾ ಮಂಡಳಿ ಹೆಂಗಸರ, ಮಕ್ಕಳ ಜೊತೆಗೆ ಹಿರಿಯರ ನಡುವೆಯೂ ದುಡಿದಿದೆ. ಕಾನೂನಿನ ಕಡೆಯಿಂದ ನೋಡಿದರೆ, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ಆರಂಭಿಸಿದ ಪ್ಯಾರಾ ಲೀಗಲ್ ವಾಲಂಟಿಯರ್ ಯೋಜನೆಯೇ ಪರವಾಗಿ ನಿಲ್ಲುವ ಸ್ವಯಂಸೇವೆಗೆ ತೀರ ಹತ್ತಿರದ್ದು. ನಿವೃತ್ತ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಕಾನೂನು ವಿದ್ಯಾರ್ಥಿಗಳು, ಸ್ವಸಹಾಯ ಸಂಘದ ಹೆಂಗಸರು ತರಬೇತಿ ಪಡೆದು ಇದರಲ್ಲಿ ಸೇರಬಹುದು. ವಿಕಲಚೇತನರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಅದರ ದೂರವಾಣಿ 15100. ಹಿರಿಯರ ಸಹಾಯವಾಣಿ 14567. ಹೈದರಾಬಾದಿನಲ್ಲಿ ಟಾಟಾ ಟ್ರಸ್ಟ್ಸ್ ಮೊದಲು ನಡೆಸಿದ ಪ್ರಯೋಗವೇ ಮುಂದೆ ದೇಶವ್ಯಾಪಿಯಾಯಿತು. ಬೆಂಗಳೂರಿನಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲೇ 1090 ಎಂಬ ಸಹಾಯವಾಣಿ ತೆರೆದಿದ್ದವು. ಹೊರದೇಶಗಳಲ್ಲಿ ಇದು ಇನ್ನೂ ಗಟ್ಟಿಯಾಗಿ ಬೇರೂರಿದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ವುಲ್ಫ್ ವುಲ್ಫೆನ್ಸ್‌ಬರ್ಗರ್ ಅವರ ಚಿಂತನೆಯಿಂದ 1970ರಲ್ಲಿ, ಒಬ್ಬ ವಿಕಲಚೇತನ ವ್ಯಕ್ತಿಗೆ ಒಬ್ಬ ಸಾಮಾನ್ಯ ನಾಗರಿಕ ಜೊತೆಯಾಗುವ ಕ್ರಮ ಶುರುವಾಯಿತು. ಅಲ್ಲಿನ ವೃದ್ಧಾಶ್ರಮಗಳಿಗೆ ಹೋಗಿ ದೂರು ಕೇಳುವ ಸ್ವಯಂಸೇವಕರ ಪದ್ಧತಿಯೂ ಎಪ್ಪತ್ತರ ದಶಕದ್ದೇ. ಇಂಗ್ಲೆಂಡಿನಲ್ಲಿ, ಸ್ವಂತ ನಿರ್ಧಾರ ಮಾಡಲಾಗದ, ತನ್ನವರೂ ಇಲ್ಲದ ವ್ಯಕ್ತಿಗೆ ದೊಡ್ಡ ಚಿಕಿತ್ಸೆಯಂಥ ನಿರ್ಧಾರದ ವೇಳೆ ಸ್ವತಂತ್ರ ಪ್ರತಿನಿಧಿಯನ್ನು ಒದಗಿಸಲೇಬೇಕೆಂಬ ಏರ್ಪಾಡು 2007ರಿಂದ ಜಾರಿಯಲ್ಲಿದೆ.

ಕೆಲಸದ ಶಿಸ್ತು ಸರಳವಾಗಿ ಕಂಡರೂ ಪಾಲಿಸುವುದು ಕಷ್ಟ. ಮೊದಲ ಭೇಟಿಯಲ್ಲಿ ಹಿರಿಯರ ಜೊತೆ ಒಂಟಿಯಾಗಿ ಮಾತಾಡಬೇಕು. ಸೊಸೆ ಕಾಫಿ ತಂದುಕೊಟ್ಟು ಅಲ್ಲೇ ನಿಂತರೆ ನಿಜ ಹೊರಬರುವುದಿಲ್ಲ. ಮಾತು ಬಾರದವರ ಇಷ್ಟವನ್ನು ಕಣ್ಣಿನಿಂದ, ಕೈಸನ್ನೆಯಿಂದ, ಚಿತ್ರ ತೋರಿಸಿ ತಿಳಿಯಬೇಕು, ಅದಕ್ಕೆ ನಾಲ್ಕಾರು ಭೇಟಿ ಹಿಡಿಯಬಹುದು. ಒಪ್ಪಿಗೆಯನ್ನು ಬರೆಸಿಕೊಳ್ಳಬೇಕು, ಅದನ್ನು ಅವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಅವರ ಎಟಿಎಂ ಕಾರ್ಡು, ಪಾಸ್‌ಬುಕ್, ಒಡವೆಯನ್ನು ಎಂದೂ ಕೈಯಲ್ಲಿ ಇಟ್ಟುಕೊಳ್ಳಬಾರದು, ಉಯಿಲಿಗೆ ಸಾಕ್ಷಿ ಹಾಕಲೂ ಬಾರದು. ಎಲ್ಲಕ್ಕಿಂತ ಕಠಿಣವಾದದ್ದು, ತಾನು ಒಳ್ಳೆಯದೆಂದು ನಂಬಿದ್ದನ್ನು ಅವರ ಬಾಯಲ್ಲಿ ಹಾಕದಿರುವುದು. ಎಷ್ಟೋ ತಾಯಂದಿರು ಮಗನ ಮೇಲೆ ಕೇಸು ಬೇಡ, ಊಟ ಹಾಕಿಸಿದರೆ ಸಾಕು ಎನ್ನುತ್ತಾರೆ. ಸ್ವಯಂಸೇವಕರಿಗೆ ಅದು ಅನ್ಯಾಯ ಅನಿಸಿದರೂ ಇನ್ನೇನು ದಾರಿಯಿದೆ ಎಂದು ವಿವರಿಸಿ, ಆ ತಾಯಿಯ ಮಾತನ್ನೇ ಆರ್‌ಡಿಒ ಮುಂದೆ ಇಡಬೇಕು. ಜೀವಕ್ಕೆ ಅಪಾಯ ಕಂಡರೆ ಮಾತ್ರ ತಡಮಾಡದೆ ಪೊಲೀಸರಿಗೆ ತಿಳಿಸುವುದು ಸರಿ.

ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗ ಹಿರಿಯರಿಗೂ ಇದೇ ಆಂಧ್ರ ನಿಯಮಗಳು, ಇದೇ ಆರ್‌ಡಿಒ ಕಚೇರಿ. ಅರ್ಜಿ, ನೋಟಿಸು ಎಲ್ಲ ತೆಲುಗಿನಲ್ಲಿ. ತೆಲುಗು ಆಡಿದರೂ ಓದಲು ಬಾರದವರಿಗೆ ನೋಟಿಸನ್ನು ಕನ್ನಡದಲ್ಲಿ ಓದಿ ಹೇಳುವವರು ಬೇಕು. ಎರಡೂ ಭಾಷೆ ಬಲ್ಲ ಶಿಕ್ಷಕರು ಆ ಭಾಗದಲ್ಲಿ ಇದ್ದಾರೆ. ಪ್ಯಾರಾ ಲೀಗಲ್ ತರಬೇತಿಗೆ ಅವರೇ ಮೊದಲು ಹೋಗಬೇಕಾದವರು.

ನ್ಯಾಯಮಂಡಳಿಯ ಆದೇಶ ಬಂದ ದಿನ ಕೆಲಸ ಮುಗಿಯುವುದಿಲ್ಲ. ಮಗ ಎರಡು ತಿಂಗಳು ಹಣ ಕೊಟ್ಟು ನಿಲ್ಲಿಸಿದರೆ, ಬಾಕಿ ಬಿದ್ದ ಮೂರು ತಿಂಗಳೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಆಗ ನ್ಯಾಯಮಂಡಳಿ ವಾರಂಟ್ ಹೊರಡಿಸಬಹುದು, ಅದಕ್ಕೂ ಬಗ್ಗದಿದ್ದರೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಆದೇಶ ತೃಪ್ತಿ ತರದಿದ್ದರೆ 60 ದಿನಗಳೊಳಗೆ ಜಿಲ್ಲಾಧಿಕಾರಿ ಮಟ್ಟದ ಮೇಲ್ಮನವಿ ಮಂಡಳಿಗೆ ಹೋಗಬಹುದು. ಹೀಗಾಗಿ ಆದೇಶದ ಪ್ರತಿ, ಹಣ ಬಂದ ದಿನಾಂಕಗಳು, ಬಾರದ ತಿಂಗಳುಗಳು ಎಲ್ಲವನ್ನೂ ಒಂದು ಕಡತದಲ್ಲಿ ಇಡುತ್ತಾರೆ. ಸ್ವಯಂಸೇವಕರು ಊರು ಬಿಟ್ಟರೂ, ಕೆಲಸ ಬಿಟ್ಟರೂ, ಆ ಕಡತ ಹಿರಿಯರ ಒಪ್ಪಿಗೆ ಪಡೆದು ಮುಂದಿನವರ ಕೈಸೇರುತ್ತದೆ.